ತಣ್ಣಗಿನ ಪೆಟ್ಟಿಗೆ

ಕೊಡಗಿನಲ್ಲಿ ರಿಪೇರಿ ಅಂಗಡಿ ಇಟ್ಟವರ ಹೊಟ್ಟೆ ತುಂಬಿಸುವುದು ತೇವ. ಸಿಡಿಲು ವರ್ಷದಲ್ಲಿ ಒಂದೆರಡು ತಿಂಗಳ ಅತಿಥಿ, ತೇವ ಹಾಗಲ್ಲ, ಕಾಯಂ. ಕುಶಾಲನಗರದ ನನ್ನ ಅಂಗಡಿಗೆ ಕಕ್ಕಬೆಯ ಹೋಂಸ್ಟೇಗಳಿಂದಲೂ ಟಿವಿ, ಸೆಟ್‌ಟಾಪ್ ಬಾಕ್ಸು, ಇನ್ವರ್ಟರ್ ಬರುತ್ತವೆ. ಮಡಿಕೇರಿಯಲ್ಲಿ ಕೈಚೆಲ್ಲಿದ್ದೆಲ್ಲ ಬೆಟ್ಟ ಇಳಿದು ನನ್ನ ಮೇಜಿಗೇ ಬರುತ್ತದೆ ಎಂದು ಹೇಳಿಕೊಳ್ಳುವುದರಲ್ಲಿ ನನಗೆ ತುಸು ಹೆಮ್ಮೆಯೂ ಇದೆ. ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಬಿಳಿ ಬೂಷ್ಟು. ಇದಕ್ಕೆ ನಮ್ಮ ಜಿಲ್ಲೆಯವರು ಕಂಡುಕೊಂಡಿರುವ ಮದ್ದು ಒಂದೇ, ಶಾಖ. ಮಳೆಗಾಲ ಹಿಡಿದರೆ ಬಟ್ಟೆ ಬೀರುವಿನೊಳಗೆ ಒಂದು ಸಣ್ಣ ಬಲ್ಬು ಉರಿಸಿಡುತ್ತೇವೆ. ರೇಷ್ಮೆ ಸೀರೆ, ಮದುವೆ ಆಲ್ಬಂ, ಆಸ್ತಿ ಕಾಗದ ಎಲ್ಲವೂ ಆ ಬಲ್ಬಿನ ಕೃಪೆಯಲ್ಲಿ ಮಳೆಗಾಲ ದಾಟುತ್ತವೆ. ಬೆಚ್ಚಗಿದ್ದರೆ ಕೆಡುವುದಿಲ್ಲ ಎಂಬುದು ನಾನು ಗಿರಾಕಿಗಳಿಗೆಲ್ಲ ಪುಕ್ಕಟೆಯಾಗಿ ಕೊಡುತ್ತಿದ್ದ ಉಪದೇಶ. ಡಿಪ್ಲೊಮಾ ಓದಿದ್ದರೂ ನಾನು ಮೊದಲು ಕೊಡಗಿನವಳು, ಆಮೇಲೆ ಎಲೆಕ್ಟ್ರಾನಿಕ್ಸಿನವಳು.

ನನ್ನ ಅಕ್ಕ ಇರುವುದು ಶಿರಂಗಾಲದ ಹತ್ತಿರ. ಹಾಸನದ ಕಡೆಯಿಂದ ಬಂದು ಇಲ್ಲಿ ನೆಲ ಹಿಡಿದ ಕುಟುಂಬ ನಮ್ಮದು. ಜೋಳ, ಶುಂಠಿ, ಎರಡು ಹಸು, ಊರಿನಿಂದ ಸ್ವಲ್ಪ ದೂರ ಹೊಲದಲ್ಲೇ ಮನೆ. ಭಾವ ಗೂಡ್ಸ್ ಆಟೋದಲ್ಲಿ ತರಕಾರಿ ಹೇರಿಕೊಂಡು ಬೆಳಕು ಹರಿಯುವ ಮೊದಲೇ ಮಾರ್ಕೆಟ್ಟಿಗೆ ಹೋಗಿಬಿಡುತ್ತಾರೆ. ಅಕ್ಕ ಹಾಲು ಕರೆದು, ಕ್ಯಾನನ್ನು ಸೊಂಟಕ್ಕೆ ಇಟ್ಟುಕೊಂಡು ಊರ ಡೈರಿಗೆ ನಡೆಯುತ್ತಾಳೆ. ಅವಳು ಹಾಲು ಹಾಕುವವಳಷ್ಟೇ ಅಲ್ಲ, ಡೈರಿಯ ಟೆಸ್ಟರ್. ಅವಳು ಬಂದು ಪರೀಕ್ಷೆ ಮಾಡದೆ ಯಾರ ಹಾಲನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಹಾಲಿನ ಲಾರಿ ಬರುವ ಹೊತ್ತಿಗೆ ಊರೆಲ್ಲ ಕ್ಯಾನು ಹಿಡಿದು ಅವಳ ದಾರಿ ಕಾಯುತ್ತಿರುತ್ತದೆ.

ದಾರಿಯ ನಡುವೆ ಒಂದು ತಿರುವು. ಒಂದು ಕಡೆ ನಾಲೆಯ ಏರಿ, ಅದರಾಚೆ ಕಾಡು, ಇನ್ನೊಂದು ಕಡೆ ಬಿದಿರು ಮೆಳೆ. ರಾತ್ರಿಯೆಲ್ಲ ನಮ್ಮ ಜೋಳ ಮೇಯುವ ಆನೆಗಳು ಕಾಡಿಗೆ ವಾಪಸಾಗುವುದು ಅದೇ ತಿರುವಿನಲ್ಲಿ, ಅಕ್ಕ ಡೈರಿಗೆ ಹೊರಡುವ ಅದೇ ಹೊತ್ತಿಗೆ. ಇಷ್ಟು ದೊಡ್ಡ ಪ್ರಾಣಿ ಅಷ್ಟು ಸಣ್ಣ ಮೆಳೆಯಲ್ಲಿ ಹೇಗೆ ಮಾಯವಾಗುತ್ತದೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮಂಜು ಇದ್ದರಂತೂ ಸೊಂಡಿಲು ಮುಟ್ಟುವಷ್ಟು ಹತ್ತಿರ ಹೋದರೂ ಗೊತ್ತಾಗುವುದಿಲ್ಲ. ಆ ವರ್ಷ ಪಕ್ಕದ ಊರಿನಲ್ಲಿ ಹಾಲು ಹಾಕಲು ಹೋದ ಹೆಂಗಸೊಬ್ಬಳು ಮನೆಗೆ ವಾಪಸ್ ಬರಲಿಲ್ಲ. ಸಾವಿನ ಮನೆಗೆ ಹೋಗಿ ಬಂದ ಅಕ್ಕ ಮರುದಿನ ಬೆಳಿಗ್ಗೆ ಎಂದಿನಂತೆ ಕ್ಯಾನು ಎತ್ತಿಕೊಂಡು ಹೊರಟಳು. ಬೇರೆ ದಾರಿ ಇರಲಿಲ್ಲ, ಇದು ಮಾತಿನ ಚಮತ್ಕಾರವಲ್ಲ, ಡೈರಿಗೆ ನಿಜಕ್ಕೂ ಅದೊಂದೇ ದಾರಿ. ನನಗೆ ಮಾತ್ರ ನಿದ್ದೆ ಹಾರಿಹೋಯಿತು.

ಹಾಗಾಗಿ ಪೆಟ್ಟಿಗೆ ಮಾಡಿದೆ. ತಿರುವಿನಲ್ಲಿ ಎತ್ತರದ ಕಬ್ಬಿಣದ ಕಂಬ. ಅದರ ಮೇಲೆ ಶಾಖ ಕಂಡರೆ ಎಚ್ಚರಗೊಳ್ಳುವ ಎರಡು ಕಣ್ಣು, ನಾಯಿ, ಹಂದಿ, ಮನುಷ್ಯರು ಅವುಗಳ ನೋಟಕ್ಕೆ ಬೀಳದಷ್ಟು ಎತ್ತರದಲ್ಲಿ. ಆ ಕಣ್ಣುಗಳಿಗೆ ಅಲುಗಾಡುವುದು ಮಾತ್ರ ಕಾಣುತ್ತದೆ. ಆನೆ ನಿಂತರೂ ಅದರ ಕಿವಿ ನಿಲ್ಲುವುದಿಲ್ಲವಲ್ಲ, ನನಗೆ ಅಷ್ಟು ಸಾಕಾಗಿತ್ತು. ಕಣ್ಣು ಹೇಳಿದ್ದನ್ನು ಕೇಳಿಕೊಳ್ಳಲು ಉಗುರಿನಷ್ಟು ಅಗಲದ ಒಂದು ಮಿದುಳು, ಅಂದರೆ ಚಿಪ್. ಆನೆ ಇದ್ದರೆ ಹತ್ತಲು ಒಂದು ಕೆಂಪು ದೀಪ, ಅಕ್ಕನ ಅಂಗಳಕ್ಕೂ ಕಾಣಬೇಕು, ಊರಿಗೂ ಕಾಣಬೇಕು. ಕರೆಂಟಿಗೆ ಹಳೆಯ ಹನ್ನೆರಡು ವೋಲ್ಟಿನ ಬ್ಯಾಟರಿ, ಅದನ್ನು ತುಂಬಲು ಊಟದ ತಟ್ಟೆಯಷ್ಟು ಸೋಲಾರ್ ಪ್ಯಾನೆಲ್. ಮಿದುಳಿಗೆ ಬೇಕಾದದ್ದು ಬರೀ ಮೂರು ಚಿಲ್ಲರೆ ವೋಲ್ಟು. ಹನ್ನೆರಡನ್ನು ಮೂರಕ್ಕೆ ಇಳಿಸಲು ಅಂಗಡಿಯ ಡಬ್ಬಿಯಲ್ಲಿ ಬಿದ್ದಿದ್ದ ಮೂರು ಕಾಲಿನ ರೆಗ್ಯುಲೇಟರ್ ಹಾಕಿದೆ. ನಾವು ರಿಪೇರಿಯವರು ಕಣ್ಣು ಮುಚ್ಚಿಕೊಂಡು ಬಳಸುವ ಬಿಡಿಭಾಗ ಅದು.

ಒಂದು ವಾರ ಬಿಟ್ಟು ನೋಡಲು ಹೋದಾಗ ಪೆಟ್ಟಿಗೆಯ ಮೇಲೆ ಕೈಯಿಟ್ಟೆ. ಒಳ್ಳೆ ಬೆಚ್ಚಗಿತ್ತು. ರೆಗ್ಯುಲೇಟರ್ ಕಾದು ಪೆಟ್ಟಿಗೆಯನ್ನು ಬಿಸಿ ಮಾಡುತ್ತಿತ್ತು. ಇನ್ನು ತೇವದ ಭಯವಿಲ್ಲ ಎಂದು ನಾನು ಖುಷಿಪಟ್ಟೆ. ಭಾವನೂ ಕೈಯಿಟ್ಟು ನೋಡಿ, "ಬೀರುವಿಗೆ ಬಲ್ಬ್ ಇಟ್ಟಂಗೈತಲ್ಲಮ್ಮಾ, ಬೂಷ್ಟು ಹಿಡಿಯಲ್ಲ ಬಿಡು" ಎಂದರು. ಬೇರೆ ಯಾವ ಜಿಲ್ಲೆಯಲ್ಲಾದರೂ ಪೆಟ್ಟಿಗೆ ಬಿಸಿಯಾದರೆ ಜನ ಗಾಬರಿಯಾಗುತ್ತಾರೆ. ನಾವು ಶಹಬ್ಬಾಸ್ ಅಂದೆವು.

ಆಷಾಢ ಬಂತು. ಮಳೆಯೆಲ್ಲ ಬೆಟ್ಟದ ಕಡೆಯವರ ಪಾಲು, ನಮ್ಮ ಕಡೆಗೆ ಬರುವುದು ಮೋಡ ಮತ್ತು ಜಿಟಿಜಿಟಿ ಸೋನೆ. ಪ್ಯಾನೆಲ್ ಬಿಸಿಲು ಕಾಣದೆ ಕೆಲವು ದಿನ ಕಳೆಯಿತು. ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಅವಳ ದನಿ ಯಾವತ್ತಿನ ಹಾಗೆ ಇರಲಿಲ್ಲ.

"ಕೆಂಪ್ ದೀಪ ಹತ್ತಿರ್ಲಿಲ್ಲ ಕಣೇ. ಆನೆ ಇಲ್ಲ ಅಂತ ನಡ್ಕೊಂಡು ಬಂದೆ. ತಿರುವಲ್ಲಿ ಲದ್ದಿ ಬಿದ್ದೈತೆ. ಇನ್ನೂ ಹಬೆ ಆಡ್ತೈತೆ."

ಸ್ಕೂಟರ್ ತೆಗೆದುಕೊಂಡು ಓಡಿದೆ. ಸೀದಾ ಕಂಬದ ಹತ್ತಿರ ಹೋಗಿ ಪೆಟ್ಟಿಗೆ ಬಿಚ್ಚಿ ಮೀಟರ್ ಇಟ್ಟು ನೋಡಿದರೆ ಬ್ಯಾಟರಿ ಸತ್ತಿತ್ತು. ಆನೆಗಳು ದಾಟಿಹೋದಾಗ ನನ್ನ ಕಾವಲುಗಾರ ಹೆಣವಾಗಿ ನಿಂತಿದ್ದ.

ಅವತ್ತು ಅಂಗಡಿಗೆ ಬಾಗಿಲು ಹಾಕಿಕೊಂಡು ಲೆಕ್ಕ ಹಾಕಿದೆ. ಕಾಲೇಜಿನಲ್ಲಿ ಓದಿದ್ದೇ, ಮರೆತದ್ದೂ ಅಲ್ಲ. ಆ ಮೂರು ಕಾಲಿನ ಮಹಾರಾಯ ವೋಲ್ಟೇಜ್ ಇಳಿಸುವ ಕ್ರಮ ಬಹಳ ಸರಳ. ತನಗೆ ಬಂದದ್ದರಲ್ಲಿ ಬೇಕಾದಷ್ಟನ್ನು ದಾಟಿಸುತ್ತಾನೆ, ಮಿಕ್ಕಿದ್ದನ್ನು ಸುಟ್ಟು ಹಾಕುತ್ತಾನೆ. ಹನ್ನೆರಡರಿಂದ ಮೂರಕ್ಕೆ ಇಳಿಸಿದರೆ ನಾಲ್ಕು ಪಾಲಿನಲ್ಲಿ ಹೆಚ್ಚುಕಡಿಮೆ ಮೂರು ಪಾಲು ಸುಡುವುದಕ್ಕೇ ಹೋಯಿತು. ನಾನೂ ಭಾವನೂ ಕೈಯಿಟ್ಟು ಖುಷಿಪಟ್ಟ ಆ ಬಿಸಿ ಬ್ಯಾಟರಿಯ ಆಯುಸ್ಸು. ಆಕಾಶದಿಂದ ಭಿಕ್ಷೆಯಂತೆ ಬರುವ ಬಿಸಿಲನ್ನು ತೆಗೆದುಕೊಂಡು ನಾವು ಕಾಡನ್ನು ಬೆಚ್ಚಗೆ ಮಾಡುತ್ತಿದ್ದೆವು. ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಇನ್ನೊಂದು ವಿಷಯ ಅದಕ್ಕಿಂತ ಭಯಂಕರವಾಗಿತ್ತು. ದೀಪ ಹತ್ತದಿದ್ದರೆ ಆನೆ ಇಲ್ಲವೆಂದೂ ಆಗಬಹುದು, ಪೆಟ್ಟಿಗೆ ಸತ್ತಿದೆಯೆಂದೂ ಆಗಬಹುದು. ಕತ್ತಲೆಗೆ ಎರಡು ಅರ್ಥ ಇರಕೂಡದು. ಆದ್ದರಿಂದ ಎಲ್ಲವನ್ನೂ ತಿರುವುಮುರುವು ಮಾಡಿದೆ. ಕೆಂಪು ದೀಪ ಕಿತ್ತು ಹಸಿರು ದೀಪ ಹಾಕಿದೆ. ದಾರಿ ಖಾಲಿ ಇದ್ದರೆ ಅದು ಮಿನುಗುತ್ತಲೇ ಇರಬೇಕು. ಆನೆ ಬಂದರೆ ಆರಿಹೋಗಬೇಕು. ಪೆಟ್ಟಿಗೆ ಸತ್ತರೂ ಆರಿಹೋಗುತ್ತದೆ, ಆಗಲೂ ಅಕ್ಕ ಮನೆಯಲ್ಲೇ ಉಳಿಯುತ್ತಾಳೆ. ಅಕ್ಕನಿಗೆ ಹೇಳಿದ್ದು ಒಂದೇ ಮಾತು, ಹಸಿರು ಮಿನುಗದಿದ್ದರೆ ಹೊಸ್ತಿಲು ದಾಟಬೇಡ.

ಹೇಳುವುದು ಸುಲಭ. ಆನೆ ಬಂದಾಗ ಮಾತ್ರ ಉರಿಯುವ ದೀಪಕ್ಕೆ ಕರೆಂಟು ಕಮ್ಮಿ ಸಾಕು, ಸದಾ ಮಿನುಗುವ ದೀಪಕ್ಕೆ ಸದಾ ಬೇಕು. ಪದೇ ಪದೇ ಬ್ಯಾಟರಿ ಮುಗಿದು ದೀಪ ಆರಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಮೊದಲ ಸಲ ಅಕ್ಕ ನಿಲ್ಲುತ್ತಾಳೆ. ಊರ ಹಾಲು ಕೆಡುತ್ತದೆ, ಬೈಗುಳ ಬೀಳುತ್ತದೆ. ಮೂರನೆಯ ಸಲ ಹಾಳಾದ ಡಬ್ಬ ಎಂದು ನಡೆದೇ ಬಿಡುತ್ತಾಳೆ. ಅಷ್ಟು ಸಾಕು, ಆನೆಗೆ.

ಆಗ ಬಕ್ ಕನ್ವರ್ಟರ್ ಹಿಂದೆ ಬಿದ್ದೆ. ಇದೂ ವೋಲ್ಟೇಜ್ ಇಳಿಸುವುದೇ, ಆದರೆ ಏನನ್ನೂ ಸುಡದೆ. ಎಷ್ಟೋ ಮೊಬೈಲ್ ಚಾರ್ಜರ್ ಬಿಚ್ಚಿ ಜೋಡಿಸಿದವಳು ನಾನು, ಅದರ ಜಾತಕ ನನಗೆ ಗೊತ್ತು ಅಂದುಕೊಂಡಿದ್ದೆ. ಕೆಲಸ ಮಾಡುತ್ತದೆಂದು ಗೊತ್ತಿತ್ತೇ ಹೊರತು ಅದು ಮಾಡುವುದೇನೆಂದು ಕುಳಿತು ಯೋಚಿಸಿರಲಿಲ್ಲ. ಬ್ಯಾಟರಿಗೂ ಮಿದುಳಿಗೂ ನಡುವೆ ಒಂದು ಸ್ವಿಚ್ಚು, ಒಂದು ತಂತಿಯ ಸುರುಳಿ. ಸ್ವಿಚ್ಚು ಪೂರ್ತಿ ತೆರೆಯುತ್ತದೆ, ಮರುಕ್ಷಣ ಪೂರ್ತಿ ಮುಚ್ಚುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಸಾವಿರ ಸಾವಿರ ಸಲ. ತೆರೆದಾಗ ಬಂದದ್ದನ್ನು ಸುರುಳಿ ಹಿಡಿದಿಟ್ಟುಕೊಳ್ಳುತ್ತದೆ, ಮುಚ್ಚಿದಾಗ ಬಿಟ್ಟುಕೊಡುತ್ತದೆ. ಅಕ್ಕ ತನ್ನ ಮಗಳನ್ನು ತೂಗುತ್ತಿದ್ದುದು ನೆನಪಾಯಿತು. ಹಗ್ಗವನ್ನು ಒಮ್ಮೆ ಎಳೆದು ಬಿಟ್ಟರೆ ಸಾಕು, ತೊಟ್ಟಿಲು ತನ್ನ ಪಾಡಿಗೆ ಹೋಗಿ ಬರುತ್ತಿರುತ್ತದೆ, ನಿಲ್ಲುವ ಮೊದಲು ಇನ್ನೊಮ್ಮೆ ಎಳೆದರಾಯಿತು. ಇಡೀ ಹೊತ್ತು ಕೈಯಲ್ಲಿ ಹಿಡಿದು ಅಲ್ಲಾಡಿಸುವವರಿಗೆ ತೋಳು ನೋವು ಮಾತ್ರ.

ಮೊದಲು ತರಿಸಿದ ಅಗ್ಗದ ಕನ್ವರ್ಟರ್ ನನಗೆ ಚೆನ್ನಾಗಿಯೇ ಪಾಠ ಕಲಿಸಿತು. ಬಿಸಿಯೇನೂ ಆಗಲಿಲ್ಲ. ಮಿದುಳಿಗೂ ನಿದ್ದೆ ಕಲಿಸಿದೆ, ಅರೆಕ್ಷಣ ಎದ್ದು ಕಣ್ಣುಗಳನ್ನು ವಿಚಾರಿಸಿ, ದೀಪ ಮಿನುಗಿಸಿ ಮತ್ತೆ ಮಲಗುವ ಹಾಗೆ. ಆದರೂ ಬ್ಯಾಟರಿ ಕರಗುತ್ತಲೇ ಇತ್ತು. ಹುಡುಕಿದರೆ, ಮಿದುಳು ಮಲಗಿದರೂ ಕನ್ವರ್ಟರ್ ಮಲಗುತ್ತಿರಲಿಲ್ಲ. ಮಗು ನಿದ್ದೆ ಹೋದ ಮೇಲೂ ತೊಟ್ಟಿಲು ತೂಗುತ್ತಲೇ ಕೂತಿತ್ತು. ಸಾಲದ್ದಕ್ಕೆ, ನಾನು ಇದ್ದೇನೆ ಎಂದು ತೋರಿಸಲು ಮೈಮೇಲೆ ಒಂದು ಪುಟ್ಟ ಕೆಂಪು ದೀಪ ಬೇರೆ. ಮುಚ್ಚಿದ ಪೆಟ್ಟಿಗೆಯೊಳಗೆ ಯಾರಿಗೆ ತೋರಿಸಬೇಕಿತ್ತೋ. ಚಾಕುವಿನ ಮೊನೆಯಿಂದ ಆ ದೀಪವನ್ನು ಎಬ್ಬಿಸಿ ಬಿಸಾಕಿದಾಗ ನನಗಾದ ತೃಪ್ತಿ ಅಷ್ಟಿಷ್ಟಲ್ಲ.

ಆಮೇಲೆ ತರಿಸಿದ್ದು ಕಮ್ಮಿ ಕರೆಂಟಿನ ಕೆಲಸಕ್ಕೆಂದೇ ಮಾಡಿದ ಕನ್ವರ್ಟರ್ ಚಿಪ್. ಕೊರಿಯರ್ ಪೊಟ್ಟಣ ಬಿಚ್ಚಿ ಅಂಗೈಗೆ ಸುರಿದುಕೊಂಡಾಗ ಮೊದಲಿಗೆ ಪೊಟ್ಟಣ ಖಾಲಿ ಎಂದೇ ತಿಳಿದೆ. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತಿತ್ತು. ಭೂತಗನ್ನಡಿಯ ಕೆಳಗೆ ಅದನ್ನು ಬೆಸೆಯಲು ಮಧ್ಯಾಹ್ನವಿಡೀ ಹಿಡಿಯಿತು. ಬ್ಯಾಟರಿ ಜೋಡಿಸಿ, ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ನನ್ನ ಹಳೆಯ ಆಸಿಲೋಸ್ಕೋಪಿನಲ್ಲಿ ಅದರ ನಾಡಿ ಹಿಡಿದು ನೋಡಿದೆ. ಮಿದುಳು ಎದ್ದಾಗ ಸ್ವಿಚ್ಚಿನ ಎಳೆತಗಳು ಒತ್ತೊತ್ತಾಗಿ ಬಂದವು. ಮಿದುಳು ಮಲಗಿತು. ಎಳೆತಗಳು ದೂರ ದೂರವಾದವು, ಇನ್ನೂ ದೂರವಾದವು, ಆಮೇಲೆ ಗೆರೆ ಸುಮ್ಮನೆ ಮಲಗಿತು. ಕೆಟ್ಟಿತೇನೋ ಎಂದು ಮೀಟರ್ ನೋಡಿದರೆ ವೋಲ್ಟು ಕದಲಿಲ್ಲ, ಇರಬೇಕಾದಷ್ಟೇ ಇದೆ. ತುಂಬಾ ಹೊತ್ತಾದ ಮೇಲೆ ಒಂದೇ ಒಂದು ಎಳೆತ. ಮತ್ತೆ ಮೌನ. ಬೇಕಾದಾಗ ಮಾತ್ರ, ಬೇಕಾದಷ್ಟು ಮಾತ್ರ, ತನಗಾಗಿ ಇಟ್ಟುಕೊಂಡದ್ದು ಏನೂ ಇಲ್ಲವೆನ್ನುವಷ್ಟು. ನಾನು ದೇವಸ್ಥಾನದಲ್ಲೂ ಸುಮ್ಮನೆ ಕೈಮುಗಿಯುವವಳಲ್ಲ. ಅವತ್ತು ಆ ಪರದೆಯ ಮುಂದೆ, ಬೀದಿಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದಾಗ, ಕೈಕಟ್ಟಿಕೊಂಡು ನಿಂತುಬಿಟ್ಟೆ. ಇದನ್ನು ಯೋಚಿಸಿದವರು ಯಾವ ದೇಶದವರೋ, ನನ್ನ ಅಕ್ಕನ ಹೆಸರು ಅವರಿಗೆ ಗೊತ್ತಿಲ್ಲ. ಆದರೂ ಅವಳ ಹೆಜ್ಜೆಯನ್ನು ಲೆಕ್ಕದಲ್ಲಿಟ್ಟುಕೊಂಡೇ ಮಾಡಿದ ಹಾಗಿತ್ತು.

ಬಿಸಿಯಿಲ್ಲದ ಪೆಟ್ಟಿಗೆಗೆ ತೇವದ ಚಿಂತೆ ನಿಜವೇ. ಅದಕ್ಕೆ ಬೋರ್ಡಿಗೆಲ್ಲ ಬಣ್ಣವಿಲ್ಲದ ಉಗುರು ಪಾಲಿಶ್ ಬಳಿದೆ, ಒಂದರ ಮೇಲೊಂದು ಪದರ. ಕಂಬಕ್ಕೆ ಕಟ್ಟಿದ ಮೇಲೆ ಭಾವ ಅಭ್ಯಾಸದಂತೆ ಕೈಯಿಟ್ಟು ನೋಡಿದರು.

"ತಣ್ಣಗೈತಲ್ಲಮ್ಮಾ. ಜೀವ ಇಲ್ವಲ್ಲ ಇದ್ರಲ್ಲಿ."

"ದೀಪ ನೋಡಿ ಭಾವ."

ಹಸಿರು ಮಿನುಗಿತು. ಅವರು ಇನ್ನೊಮ್ಮೆ ಪೆಟ್ಟಿಗೆ ಮುಟ್ಟಿ ನೋಡಿ, "ಮದುವೆ ಆದಾಗಿಂದ ನಿಮ್ಮಕ್ಕಂಗೆ ಹೇಳ್ತಾ ಇದೀನಿ, ಕೆಲ್ಸ ಮಾಡೋಕೆ ಬಿಸಿ ಆಗ್ಬೇಕಾಗಿಲ್ಲ ಅಂತ" ಎಂದರು. ಅಕ್ಕ ಮೂತಿ ತಿರುವಿದಳು.

ಮುಂದಿನ ಆಷಾಢದಲ್ಲಿ ಸೂರ್ಯ ಎಂಬುವನು ಇದ್ದಾನೆ ಎಂಬುದೇ ಮರೆತುಹೋಗುವಷ್ಟು ಮೋಡ ಕವಿಯಿತು. ಭಾನುವಾರ ಭಾನುವಾರ ನಾನು ಹೋಗಿ ನೋಡುತ್ತಿದ್ದೆ. ಪೆಟ್ಟಿಗೆ ತಣ್ಣಗಿತ್ತು, ದೀಪ ಮಿನುಗುತ್ತಿತ್ತು. ಆನೆ ಬಂದಾಗ ಆರುತ್ತಿತ್ತು, ಅವು ಹೋದ ಮೇಲೆ ಸ್ವಲ್ಪ ಹೊತ್ತು ತಡೆದು ಮತ್ತೆ ಹೊತ್ತಿಕೊಳ್ಳುತ್ತಿತ್ತು. ಆದರೆ ಆ ವರ್ಷ ಅವು ಬೇಗನೆ, ರಾತ್ರಿಯಿರುವಾಗಲೇ ದಾಟುತ್ತಿದ್ದವು, ಅಕ್ಕನ ಹೊತ್ತಿನಲ್ಲಲ್ಲ. ಮೋಡ ಮುಂದುವರಿದಂತೆ ನನ್ನ ಧೈರ್ಯ ಕರಗತೊಡಗಿತು. ಎಷ್ಟಾದರೂ ಹಳೆಯ ಬ್ಯಾಟರಿ.

ಒಂದು ಬೆಳಿಗ್ಗೆ ಕಾಫಿ ಲೋಟ ಕೈಗೆತ್ತಿಕೊಂಡಿದ್ದೆ, ಅಕ್ಕನ ಫೋನ್.

"ಲೇ, ದೀಪ ಹೋಗೈತೆ ಕಣೇ. ಹಾಲು ಕರೆಯೋಕೆ ಕೂತಾಗ ಇತ್ತು. ಎದ್ದು ಬಂದ್ರೆ ಇಲ್ಲ. ನೀನು..."

"ಬ್ಯಾಟರಿನೇ ಇರ್ಬೇಕು. ನೀನು ಹೊರಡಬೇಡ. ನಾನೇ ಬಂದು ನೋಡ್ತೀನಿ" ಎಂದು ಫೋನ್ ಇಟ್ಟು, ಅದನ್ನು ಸ್ಕೂಟರಿನ ಡಿಕ್ಕಿಗೆ ಎಸೆದು ಹೊರಟೆ.

ಊರು ತಲುಪಿದಾಗ ಡೈರಿಯ ಮುಂದೆ ಕ್ಯಾನುಗಳ ಸಾಲು. ಲಾರಿ ಬಂದು ನಿಂತಿತ್ತು. ಡೈರಿಯ ಸೆಕ್ರೆಟರಿ, ನಮ್ಮ ಅಪ್ಪನ ವಯಸ್ಸಿನವರು, ನನ್ನನ್ನು ಕಂಡದ್ದೇ ಹತ್ತಿರ ಬಂದರು.

"ಏನಮ್ಮಾ, ನಿನ್ ಪೆಟ್ಟಿಗೆ ನಂಬ್ಕೊಂಡು ಊರ್ ಹಾಲೆಲ್ಲ ಒಡ್ಸೋದಾ? ಇಷ್ಟು ಮೋಡಕ್ಕೆ ಯಾವ ಬ್ಯಾಟ್ರಿ ಉಳೀತದೆ? ಹೋಗಿ ಒಂದ್ಸಲ ತಟ್ಟಿ ನೋಡು, ಲಾರಿ ಕಾಯಲ್ಲ."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಮನಸ್ಸಿನಲ್ಲಿದ್ದುದೂ ಅದೇ. ಮೀಟರ್, ಸ್ಕ್ರೂಡ್ರೈವರ್ ಹಿಡಿದು ತಿರುವಿನ ಕಡೆ ನಡೆದೆ. ಮಂಜು ನಾಲೆಯ ಮೇಲಿಂದ ಎದ್ದು ದಾರಿಗೆ ಅಡ್ಡ ಮಲಗಿತ್ತು. ಕಂಬದ ತುದಿ ಮಾತ್ರ ಕಾಣುತ್ತಿತ್ತು, ದೀಪ ಇಲ್ಲ. ನಡೆಯುತ್ತ ನಡೆಯುತ್ತ ತಲೆಯಲ್ಲಿ ಲೆಕ್ಕ ಶುರುವಾಯಿತು. ಇಷ್ಟು ದಿನದ ಮೋಡ, ಇಷ್ಟು ಎಳೆತ, ಇಷ್ಟು ನಿದ್ದೆ. ಎಷ್ಟು ಸಲ ಕೂಡಿದರೂ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತಿತ್ತು. ಪರದೆಯ ಮೇಲೆ ಅವತ್ತು ಕಂಡ ಆ ಮೌನ ಕಣ್ಣಮುಂದೆ ಬಂತು. ಅದು ಏನನ್ನೂ ಪೋಲು ಮಾಡುವ ಜಾತಿಯದಲ್ಲ. ಹಾಗಾದರೆ ಈ ಕತ್ತಲೆ ಬ್ಯಾಟರಿಯದ್ದಲ್ಲ.

ನನ್ನ ಕಾಲು ತಾನಾಗಿ ನಿಂತಿತು. ಹಿಂದೆ ಸೆಕ್ರೆಟರಿ ಏನೋ ಕೂಗಿದರು. ನಾನು ತಿರುಗದೆ ಕೈ ಮಾತ್ರ ಎತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದೆ.

ಬಿದಿರು ಲಟಕ್ಕೆಂದಿತು. ಕಂಬದ ಬುಡದಲ್ಲಿ ಮಂಜು ಎಂದುಕೊಂಡಿದ್ದ ಬೂದುಬಣ್ಣ ಕದಲಿತು. ಹೆಣ್ಣಾನೆ. ಅದರ ಕಾಲುಗಳ ನಡುವೆ, ಇನ್ನೂ ಮೈಮೇಲೆ ಕೂದಲಿದ್ದ ಮರಿ. ಅದರ ಹಿಂದೆ ಇನ್ನೊಂದು, ಇನ್ನೊಂದು. ತಾಯಾನೆ ನನ್ನ ಕಡೆ ಮುಖ ಮಾಡಿ ನಿಂತು ಕಿವಿ ಬೀಸಿತು. ನಾನು ಇನ್ನಷ್ಟು ಮುಂದೆ ಹೋಗಿದ್ದರೆ ಸೀದಾ ಅದರ ಸೊಂಡಿಲಿಗೇ ಸಿಕ್ಕಿರುತ್ತಿದ್ದೆ. ಒಂದಿಷ್ಟೂ ಸದ್ದಿಲ್ಲದೆ ಅವು ಏರಿ ಹತ್ತಿ, ನಾಲೆಗೆ ಇಳಿದು, ಮರಿಯನ್ನು ಸೊಂಡಿಲಿನಿಂದ ನೂಕಿ ಹತ್ತಿಸಿಕೊಂಡು, ಮರಗಳೊಳಗೆ ಹೋದವು. ನನಗೆ ಭಯವಾದದ್ದು ಅವು ಹೋದ ಮೇಲೆ. ದಾರಿಯಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಮಂಜಿನ ಮೇಲೆ ಹಸಿರು ಮಿನುಗಿತು, ಆರಿತು, ಮತ್ತೆ ಮಿನುಗಿತು. ಅದನ್ನು ನೋಡುತ್ತ ನಾನು ಅತ್ತೆ.

ಮಂಜಿನೊಳಗಿಂದ ಅಕ್ಕ ಕ್ಯಾನು ಹೊತ್ತು ಬಂದಳು. ದಾರಿಯಲ್ಲಿ ಕೂತಿದ್ದ ನನ್ನನ್ನು ನೋಡಿ ಕ್ಯಾನನ್ನು ಕೆಳಗಿಟ್ಟಳು. ನೆಲದಲ್ಲಿ ಅಚ್ಚೊತ್ತಿದ್ದ ಪಾದಗಳನ್ನು ನೋಡಿದಳು, ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದಳು.

"ಬ್ಯಾಟರಿ ಅಂದ್ಕೊಂಡ್ಬಿಟ್ಟೆ ಅಕ್ಕ" ಎಂದೆ. "ನೀನು ಎಲ್ಲಿ ಹೊರಟುಬಿಡ್ತೀಯೋ ಅಂತ ಹೆದರಿಕೆ ಆಗಿತ್ತು."

"ನಾನ್ಯಾಕೆ ಹೊರಡ್ಲಿ? ದೀಪ ಹೋದಾಗ್ಲೇ ಆನೆ ಅಂತ ಗೊತ್ತಾಯ್ತು, ಚಪ್ಪಲಿ ಬಿಟ್ಟು ಒಳಗ್ ಕೂತೆ." ಅವಳು ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡಳು. "ನಿಂಗೆ ಫೋನ್ ಮಾಡಿದ್ದು ನನ್ ವಿಷಯಕ್ಕಲ್ಲ ಕಣೇ. ದೀಪ ಹೋದ್ರೆ ಸೀದಾ ಪೆಟ್ಟಿಗೆ ಬಿಚ್ಚೋಕೆ ಬರ್ತೀಯಲ್ಲ, ಇವತ್ತು ಬರಬೇಡ ಅನ್ನೋಕೆ."